ಕೇಳಿದವರು ಯಾರು? ಗಡಿಸೀಮೆಯ ಬಯಕೆ ಸಂಪ್ರದಾಯದಲ್ಲಿ ಗಂಡನ ಜಾಗ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧ. ಮಾತಿನ ರೂಪವನ್ನು ಹೆಚ್ಚು ತಿದ್ದದೆ ಬರಹಕ್ಕೆ ಇಳಿಸಿದೆ.)

 

ನನ್ನ ವಿಷಯ ಬಸುರಿಯ ಬಯಕೆ. ಎಂ.ಎ. ಜಾನಪದ ಪತ್ರಿಕೆಗೆ ಓದುವಾಗ ಇದನ್ನ ನಾವು ಒಂದು ಪಟ್ಟಿಯ ಹಾಗೆ ಓದಿಬಿಡುತ್ತೇವೆ. ಮೂರನೇ ತಿಂಗಳಿಗೆ ಏನು ಬೇಕೆನಿಸಿತು, ಐದನೇದಕ್ಕೆ ಏನು, ಹುಣಸೆಯೋ ಮಾವಿನಕಾಯಿಯೋ, ಅಷ್ಟೆ. ನಾನು ಆ ಪಟ್ಟಿ ಬಿಟ್ಟು ಒಂದು ಸಣ್ಣ ಪ್ರಶ್ನೆ ಹಿಡಿದುಕೊಂಡಿದ್ದೇನೆ: ಆಕೆಗೆ ಏನು ಬೇಕು ಅಂತ ಕೇಳಿದವರು ಯಾರು? ಕನ್ನಡದಲ್ಲಿ 'ಕೇಳು' ಅನ್ನುವ ಒಂದು ಧಾತು ಎರಡು ಕೆಲಸ ಮಾಡುತ್ತದೆ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ನಮ್ಮ ಪಕ್ಕದ ಮರಾಠಿಯಲ್ಲಿ ಒಂದಕ್ಕೆ 'ವಿಚಾರಣೆ', ಇನ್ನೊಂದಕ್ಕೆ 'ಐಕಣೆ' ಅಂತ ಬೇರೆ ಬೇರೆ ಮಾತಿದೆ. ಎರಡೂ ಭಾಷೆ ಓಡಾಡುವ ಮನೆಯಲ್ಲಿ ಬೆಳೆದವರಿಗೆ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ನನ್ನ ವಾದವನ್ನ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೆಟ್‌ವರ್ಕ್ ಏನು ಮಾಡುತ್ತದೋ ಗೊತ್ತಿಲ್ಲ. ಬಸಿರಿನ ಹೊತ್ತಿನಲ್ಲಿ ಗಂಡನ ಆಸರೆ ಅನ್ನೋದು ನಮ್ಮಲ್ಲಿ ಇರಲೇ ಇಲ್ಲ, ಈಗ ಹೊರಗಿನಿಂದ ಬಂದ ಫ್ಯಾಶನ್ ಅನ್ನುವವರಿದ್ದಾರೆ. ಹಿಂದೆ ಎಲ್ಲಾ ಚೆಂದ ಇತ್ತು, ಈಗ ಕೆಟ್ಟಿತು ಅನ್ನುವವರೂ ಇದ್ದಾರೆ. ಪಠ್ಯಗಳು ಇಬ್ಬರ ಪರವಾಗಿಯೂ ನಿಲ್ಲುವುದಿಲ್ಲ. ಅವುಗಳಲ್ಲಿ ಕಾಣುವುದು ಇಷ್ಟು: ಗಂಡ 'ತಂದುಕೊಡುವವ'ನಾಗಿ ಉಳಿದ. 'ಕೇಳುವವ'ನ ಕೆಲಸ ಮೆಲ್ಲಗೆ ಅವನ ಕೈಬಿಟ್ಟು ಗೆಳತಿಯರಿಗೆ, ತವರಿಗೆ, ಸೂಲಗಿತ್ತಿಗೆ ಹೋಯಿತು. ಹಾಗಾಗಲು ಗಂಡಸರ ಮನಸ್ಸಿನ ಗಟ್ಟಿತನ ಒಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ಮನೆ ಕಟ್ಟಿದ ರೀತಿಯೂ ಕಾರಣ.

ನನ್ನ ಕ್ಷೇತ್ರ ಉದಗಾಂವ ಮತ್ತು ಅದರ ಸುತ್ತಿನ ಸೀಮೆ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕು, ಕೃಷ್ಣೆಯ ದಂಡೆ. ಒಂದು ಬದಿಗೆ 1917ರಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಜಯಸಿಂಗಪುರ, ಹೊಳೆ ದಾಟಿದರೆ ಸಾಂಗಲಿ, ಮಿರಜ. ಊರಲ್ಲಿ ದಿಗಂಬರ ಜೈನರ ಕುಂಜವನ ಕ್ಷೇತ್ರವಿದೆ. ಇಲ್ಲಿಂದ ಇಚಲಕರಂಜಿ, ಗಡಹಿಂಗ್ಲಜದವರೆಗೂ ಒಂದು ವಿಷಯ ಸಾಮಾನ್ಯ: ಶಾಲೆ, ಕಚೇರಿ, ಪೇಟೆ ಮರಾಠಿ, ಅನೇಕ ಮನೆಗಳ ಒಲೆಯ ಮುಂದೆ ಕನ್ನಡ. ಚಿಕ್ಕೋಡಿ, ಅಥಣಿ, ಹುಕ್ಕೇರಿ ಕಡೆಯ ಹೆಣ್ಣು ಇತ್ತ ಬರುತ್ತಾಳೆ, ಇತ್ತಲಿನ ಹೆಣ್ಣು ಅತ್ತ ಹೋಗುತ್ತಾಳೆ. 1956ರಲ್ಲಿ ರಾಜ್ಯದ ಗಡಿ ಬದಲಾದರೂ ಬೀಗತನದ ದಾರಿ ಬದಲಾಗಲಿಲ್ಲ. ಹೀಗಾಗಿ ಬಸುರಿಯ ಶಾಸ್ತ್ರ ಇಲ್ಲಿ ಎರಡು ಭಾಷೆಯಲ್ಲಿ ನಡೆಯುತ್ತದೆ. ತವರಿನವರು 'ಕುಬಸ' ಮಾಡುತ್ತಾರೆ, ಗಂಡನ ಮನೆಯವರು 'ಡೊಹಾಳೆ ಜೇವಣ' ಮಾಡುತ್ತಾರೆ. ಎರಡರಲ್ಲೂ ಹಸಿರು ಸೀರೆ, ಹಸಿರು ಬಳೆ.

'ಡೊಹಾಳೆ' ಅನ್ನುವ ಮಾತು ಸಂಸ್ಕೃತ–ಪ್ರಾಕೃತದ 'ದೋಹದ'ದಿಂದ ಬಂದದ್ದು. ನಮ್ಮ ಹಳಗನ್ನಡದ 'ದೋಹಳ'ವೂ ಅದೇ ಬಳಗದ್ದು. 'ದೋಹದ'ದ ಹಿಂದೆ ಎರಡು ಹೃದಯ ಅನ್ನುವ ಕಲ್ಪನೆ ಇದೆ ಅಂತ ಹೇಳುತ್ತಾರೆ. ಸುಶ್ರುತ ಸಂಹಿತೆಯ ಶಾರೀರಸ್ಥಾನ ಇದನ್ನೇ ವೈದ್ಯದ ಮಾತಾಗಿ ಹೇಳುತ್ತದೆ: ನಾಲ್ಕನೇ ತಿಂಗಳಿಗೆ ಗರ್ಭದ ಹೃದಯ ವ್ಯಕ್ತವಾಗುತ್ತದೆ, ಆಗ ತಾಯಿ ಎರಡು ಹೃದಯದವಳು, ಅವಳ ಆಸೆ ಈಡೇರಿಸದಿದ್ದರೆ ಕೂಸಿಗೆ ಊನ. ಗಮನಿಸಿ, ಬಸುರಿಯ ಮನಸ್ಸು ಇಲ್ಲಿ ಔಷಧದ ವಿಷಯವಾಗಿದೆ, ಅದನ್ನ ಕಡೆಗಣಿಸಬಾರದು ಅನ್ನುವ ಕಟ್ಟಳೆ ಇದೆ. ಆದರೆ ಹೆದರಿಕೆ ಇರುವುದು ಕೂಸಿನ ಬಗ್ಗೆ. ಆಕೆಯ ಮನಸ್ಸು ಕೂಸಿಗೆ ಹೋಗುವ ದಾರಿ. ಮುಂದೆ ನಾನು ಹೇಳುವ ಎಷ್ಟೋ ಕತೆಗಳಲ್ಲಿ ಈ ಓರೆ ಉಳಿದುಕೊಂಡಿದೆ.

ಕನ್ನಡದ 'ಬಯಕೆ' ದೇಸಿ ಮಾತು, ಬಯಸು ಅನ್ನುವುದರಿಂದ ಹುಟ್ಟಿದ್ದು. ನಮ್ಮ ಕಡೆ ಇದಕ್ಕೆ ಇನ್ನೊಂದು ಅರ್ಥವೂ ಇದೆ. 'ಬಯಕಿ ಹತ್ತ್ಯಾವ' ಅಂದರೆ ಊಟ ಸೇರುತ್ತಿಲ್ಲ, ವಾಂತಿ, ಓಕರಿಕೆ ಅಂತ. ಬೇಕೆನ್ನುವುದೂ ಒಲ್ಲೆನ್ನುವುದೂ ಒಂದೇ ಮಾತಿನೊಳಗೆ ಸೇರಿಕೊಂಡಿವೆ. ಮರಾಠಿ ಪತ್ರಿಕೆಗಳು 'ಡೊಹಾಳೆ'ಯನ್ನು ರಾಜಕಾರಣಿಗಳಿಗೆ ಬಳಸುತ್ತವೆ, ಇಂಥವರಿಗೆ ಮಂತ್ರಿಗಿರಿಯ ಡೊಹಾಳೆ ಹತ್ತಿವೆ ಅಂತ. ಆ ವ್ಯಂಗ್ಯ ಹುಟ್ಟಬೇಕಾದರೆ ಮೂಲ ಅರ್ಥ ಎಲ್ಲರಿಗೂ ಎಷ್ಟು ಪರಿಚಿತವಾಗಿರಬೇಕು ನೋಡ್ರಿ.

ಈಗ ಗಂಡನ ಕಡೆಗೆ ಬರೋಣ. ಮೊದಲನೆಯವನು ಕಾಳಿದಾಸನ ದಿಲೀಪ. ರಘುವಂಶದ ಮೂರನೇ ಸರ್ಗದಲ್ಲಿ ಸುದಕ್ಷಿಣೆ ಬಸುರಿ, ಆಕೆಗೆ ಮಣ್ಣು ತಿನ್ನುವ ಆಸೆ. ದೊರೆ ಆಸ್ಥೆಯಿಂದ ಮತ್ತೆ ಮತ್ತೆ ವಿಚಾರಿಸುತ್ತಾನೆ, ಆದರೆ ಯಾರನ್ನ? ಹೆಂಡತಿಯ ಗೆಳತಿಯರನ್ನ. ಆಕೆ ನಾಚಿಕೆಯಿಂದ ನನ್ನೆದುರು ಏನೂ ಹೇಳುವುದಿಲ್ಲ, ಯಾವುದರ ಮೇಲೆ ಆಸೆ ಇದೆ ನೀವಾದರೂ ಹೇಳಿ ಅನ್ನುವ ಅರ್ಥದಲ್ಲಿ. ಈ ಪದ್ಯವನ್ನ ಗಂಡನ ಪ್ರೀತಿಗೆ ಉದಾಹರಣೆಯಾಗಿ ನಮಗೆ ಪಾಠ ಮಾಡಿದರು. ಪ್ರೀತಿ ಇದೆ, ಸಂಶಯ ಇಲ್ಲ. ಆದರೆ ಒಂದೇ ಅರಮನೆಯಲ್ಲಿರುವ ಇಬ್ಬರ ನಡುವಿನ ಮಾತು ಮೂರನೆಯವರ ಮೂಲಕ ಹೋಗುತ್ತದೆ ಅನ್ನುವುದೂ ಆ ಪದ್ಯದಲ್ಲೇ ಇದೆ. ಇನ್ನು ಮಣ್ಣಿನ ಆಸೆ ಕವಿಸಮಯ ಮಾತ್ರ ಅಂತ ತಿಳಿಯಬೇಡಿ. ಒಲೆಯ ಮಣ್ಣು ಕೆರೆದು ತಿಂದ ಬಸುರಿಯರು ನಮ್ಮೂರುಗಳಲ್ಲೂ ಇದ್ದರು. ಈಗಿನ ವೈದ್ಯರು ಅದನ್ನ ಕಬ್ಬಿಣದ ಅಂಶದ ಕೊರತೆಯ ಜೊತೆ ಸೇರಿಸಿ ನೋಡುತ್ತಾರೆ.

ಎರಡನೆಯದು ಜೈನ ಪುರಾಣಗಳ ದೃಶ್ಯ. ನಮ್ಮ ಸೀಮೆಗೆ ಇದು ಪುಸ್ತಕದಷ್ಟೇ ಅಲ್ಲದೆ ಪೂಜೆಯ ಮೂಲಕವೂ ಗೊತ್ತು. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ, ಅದನ್ನು ಅನುಸರಿಸಿ 941ರಲ್ಲಿ ಪಂಪ ಬರೆದ ಕನ್ನಡ ಆದಿಪುರಾಣದಲ್ಲಿ ಮರುದೇವಿ ಹದಿನಾರು ಕನಸು ಕಾಣುತ್ತಾಳೆ. ಆನೆ, ಎತ್ತು, ಸಿಂಹ, ಲಕ್ಷ್ಮಿ, ಎರಡು ಹೂಮಾಲೆ, ಚಂದ್ರ, ಸೂರ್ಯ, ಜೋಡಿ ಮೀನು, ಹೀಗೆ ಹೊಗೆಯಿಲ್ಲದ ಬೆಂಕಿಯವರೆಗೆ. ಬೆಳಗಾದ ಮೇಲೆ ಆಕೆ ಗಂಡ ನಾಭಿರಾಜನ ಹತ್ತಿರ ಹೋಗಿ ಕಂಡದ್ದನ್ನೆಲ್ಲ ಹೇಳುತ್ತಾಳೆ. ಅವನು ಕೂತು ಕೇಳಿ, ಒಂದೊಂದಕ್ಕೂ ಫಲ ಹೇಳುತ್ತಾನೆ.

ಗಂಡ ಕೇಳುವವನಾಗಿ ನಿಂತ ಇಷ್ಟು ಸ್ಪಷ್ಟವಾದ ಚಿತ್ರ ನಮ್ಮ ಹಳೆಯ ಸಾಹಿತ್ಯದಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ಆಕೆ ಏನನ್ನೂ ಬೇಡುತ್ತಿಲ್ಲ. ರಾತ್ರಿ ಮನಸ್ಸಿನೊಳಗೆ ಆದದ್ದನ್ನ ಹೇಳುತ್ತಿದ್ದಾಳೆ. ಅವನು ತರಲು ಎಲ್ಲಿಗೂ ಹೋಗಬೇಕಿಲ್ಲ, ಕೂರಬೇಕು. ಜಿನಸೇನರಲ್ಲಿ ಇದರ ಮುಂದಿನ ಭಾಗ ಇನ್ನೂ ಸ್ವಾರಸ್ಯ. ದಿನ ತುಂಬುತ್ತಿರುವ ಮರುದೇವಿಯ ಮನಸ್ಸು ಹಗುರಾಗಿರಲಿ ಅಂತ ದೇವಿಯರು ಒಗಟು ಹಾಕುತ್ತಾರೆ, ಶಬ್ದಚಮತ್ಕಾರದ ಪ್ರಶ್ನೆ ಕೇಳುತ್ತಾರೆ, ಆಕೆ ಉತ್ತರ ಹೇಳುತ್ತಾಳೆ. ಒಂಬತ್ತನೇ ಶತಮಾನದ ಒಬ್ಬ ಮುನಿ ಬಸುರಿಯ ಬೇಸರ ಕಳೆಯುವುದಕ್ಕೆ ಅಷ್ಟೊಂದು ಪದ್ಯ ಖರ್ಚು ಮಾಡಿದ್ದಾರೆ ಅನ್ನುವುದು ನನಗೆ ತುಂಬ ದೊಡ್ಡ ವಿಷಯ. ಆದರೆ ಆ ಹೊತ್ತಿಗೆ ನಾಭಿರಾಜ ಹಿಂದೆ ಸರಿದಿರುತ್ತಾನೆ, ಅಂತಃಪುರದಲ್ಲಿ ಹೆಣ್ಣುಮಕ್ಕಳೇ ಇರುತ್ತಾರೆ.

ಪಂಚಕಲ್ಯಾಣ ಪೂಜೆಯ ಗರ್ಭಕಲ್ಯಾಣದ ದಿನ ಈ ದೃಶ್ಯವನ್ನ ಊರವರೇ ಆಡಿ ತೋರಿಸುತ್ತಾರೆ. ಸಮಾಜದ ಒಂದು ಜೋಡಿ ತೀರ್ಥಂಕರರ ತಾಯಿ ತಂದೆಯಾಗಿ ಕೂರುತ್ತದೆ. ಸಾವಿರಾರು ಜನರೆದುರು ಹೆಂಡತಿ ಕನಸು ಹೇಳುತ್ತಾಳೆ, ಗಂಡ ಕೇಳುತ್ತಾನೆ. ವೇದಿಕೆಯ ಮೇಲೆ ಆಗುವ ಈ ಮಾತುಕತೆ ಅದೇ ಊರಿನ ಮನೆಯೊಳಗೆ ಆಗುತ್ತಿತ್ತೇ ಅನ್ನುವುದು ನನ್ನ ಮುಂದಿನ ಪ್ರಶ್ನೆ.

ಅಲ್ಲಿಗೆ ಹೋಗುವ ಮೊದಲು ನಮ್ಮ ಸೀಮೆಯದೇ ಒಂದು ಪ್ರಸಂಗ. ಇಪ್ಪತ್ತನೇ ಶತಮಾನದ ದಿಗಂಬರ ಮುನಿಪರಂಪರೆಯ ಪ್ರಮುಖರಾದ ಆಚಾರ್ಯ ಶಾಂತಿಸಾಗರ ಮಹಾರಾಜರು ಚಿಕ್ಕೋಡಿ ಭಾಗದ ಭೋಜ ಗ್ರಾಮದವರು, ಕನ್ನಡದ ಮನೆ. ತಂದೆ ಭೀಮಗೌಡ ಪಾಟೀಲ, ತಾಯಿ ಸತ್ಯವತಿ. ಜನನ 1872ರಲ್ಲಿ, ತಾಯಿಯ ತವರಾದ ಯಳಗುಳದಲ್ಲಿ. ಅವರು ಗರ್ಭದಲ್ಲಿದ್ದಾಗ ಸತ್ಯವತಿಯವರಿಗೆ ನೂರೆಂಟು ಸಹಸ್ರದಳ ಕಮಲಗಳಿಂದ ಜಿನಪೂಜೆ ಮಾಡಬೇಕೆಂಬ ಬಯಕೆ ಆಯಿತು, ಹುಡುಕಿಸಿ ಕೊಲ್ಹಾಪುರದ ಹತ್ತಿರದ ಕೆರೆಯಿಂದ ಕಮಲ ತರಿಸಿ ಪೂಜೆ ಮಾಡಿಸಿದರು ಅಂತ ಸುಮೇರುಚಂದ್ರ ದಿವಾಕರರು ಹಿಂದಿಯಲ್ಲಿ ಬರೆದ 'ಚಾರಿತ್ರ ಚಕ್ರವರ್ತಿ' ಹೇಳುತ್ತದೆ.

ಮುನಿಚರಿತ್ರೆಯಲ್ಲಿ ಇಂಥ ಪ್ರಸಂಗ ಬರುವುದು ವಾಡಿಕೆ, ಹುಟ್ಟಲಿರುವವನ ಮಹಿಮೆ ತಾಯಿಯ ಬಯಕೆಯಲ್ಲಿ ಮೊದಲೇ ಕಾಣಬೇಕು. ಆ ವಾಡಿಕೆಯನ್ನ ಬದಿಗಿಟ್ಟು, ಇದನ್ನ ಒಂದು ಒಕ್ಕಲುತನದ ಮನೆಯ ಸಂಗತಿಯಾಗಿ ಓದಿ ನೋಡಿ. 1872, ಕೊಲ್ಹಾಪುರಕ್ಕೆ ಇನ್ನೂ ರೈಲು ಬಂದಿಲ್ಲ. ಭೋಜದಿಂದ ಕೊಲ್ಹಾಪುರದ ಕಡೆಗೆ ಹೋಗಬೇಕೆಂದರೆ ನದಿ ದಾಟಬೇಕು, ಗಾಡಿಯೋ ಕುದುರೆಯೋ ಬೇಕು. ಕೆರೆ ಯಾವುದು ಅಂತ ವಿಚಾರಿಸಬೇಕು, ನೂರೆಂಟು ಹೂವು ಎಣಿಸಿ ಕೀಳಿಸಬೇಕು, ಬಾಡದಂತೆ ತರಬೇಕು. ಬಸುರಿಯ ಒಂದು ಮಾತಿಗಾಗಿ ಒಂದು ಮನೆತನ ಇಷ್ಟು ಓಡಾಡಿದೆ. ಇದಕ್ಕಿಂತ ದೊಡ್ಡ ಆಸರೆ ಯಾವುದು ಅಂತ ನೀವು ಕೇಳಬಹುದು, ನ್ಯಾಯವೇ. ಆದರೆ ಕತೆಯ ಕಣ್ಣೆಲ್ಲ ಕಮಲದ ಮೇಲಿದೆ, ಗರ್ಭದ ಮೇಲಿದೆ. ಸತ್ಯವತಿ ಈ ಆಸೆಯನ್ನ ಮೊದಲು ಯಾರ ಹತ್ತಿರ ಹೇಳಿಕೊಂಡರು ಅನ್ನುವುದು ಕತೆಗೆ ಮುಖ್ಯ ಅನಿಸಿಲ್ಲ. ತಂದುಕೊಡುವುದು ದಾಖಲೆಗೆ ಬರುತ್ತದೆ, ಕೇಳುವುದು ಬರುವುದಿಲ್ಲ.

ಕೇಳಿದ್ದೂ ದಾಖಲೆಯಾಗಿ, ಅದೇ ಘಾತವಾದ ಕತೆ ಒಂದಿದೆ. ಉತ್ತರಕಾಂಡದಲ್ಲಿ ರಾಮ ಬಸುರಿ ಸೀತೆಯನ್ನ ತಾನೇ ಕೇಳುತ್ತಾನೆ, ನಿನಗೇನು ಬೇಕು ಅಂತ. ಗೆಳತಿಯರ ಮೂಲಕ ಅಲ್ಲ, ನೇರವಾಗಿ. ಆಕೆ ಗಂಗೆಯ ದಂಡೆಯ ಋಷ್ಯಾಶ್ರಮ ನೋಡಬೇಕು, ಒಂದು ರಾತ್ರಿಯಾದರೂ ಅಲ್ಲಿ ಇರಬೇಕು ಅನ್ನುತ್ತಾಳೆ. ನಾಳೆಯೇ ಹೋಗುವೆ ಅಂತ ಅವನು ಮಾತು ಕೊಡುತ್ತಾನೆ. ಆಮೇಲೆ ಊರ ಜನರ ಮಾತು ಕಿವಿಗೆ ಬೀಳುತ್ತದೆ, ಅದೇ ಬಯಕೆಯ ನೆಪದಲ್ಲಿ ಲಕ್ಷ್ಮಣ ಆಕೆಯನ್ನ ರಥದಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬರುತ್ತಾನೆ. ಋಷಿಪತ್ನಿಯರಿಗೆ ಕೊಡಲು ಸೀರೆ, ಒಡವೆ ಕಟ್ಟಿಕೊಂಡು ಸಂತೋಷದಿಂದ ಹೊರಟವಳು ಸೀತೆ. ಕನ್ನಡದಲ್ಲಿ ಈ ಪರಿತ್ಯಾಗದ ಕತೆಯನ್ನ ಮನೆಮನೆಗೆ ಮುಟ್ಟಿಸಿದ್ದು ಲಕ್ಷ್ಮೀಶನ ಜೈಮಿನಿ ಭಾರತ. ಗಮಕಿಗಳು ಆ ಭಾಗ ಓದುವಾಗ ಕೇಳುವವರು ಅಳುತ್ತಿದ್ದರು ಅಂತ ನಾವೆಲ್ಲ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಚರ್ಚೆ ಯಾವಾಗಲೂ ರಾಜಧರ್ಮ, ಅಪವಾದ, ಅಗಸನ ಮಾತು ಇವುಗಳ ಸುತ್ತ ನಡೆಯುತ್ತದೆ. ನನಗೆ ಕಾಡುವುದು ಬೇರೆ. ಆಕೆ ನಂಬಿ ಹೇಳಿದ ಬಯಕೆಯೇ ಆಕೆಯನ್ನ ಹೊರಗೆ ಹಾಕುವ ಬಂಡಿಯಾಯಿತು. ಗಂಡನ ಮುಂದೆ ಬಾಯಿ ಬಿಡಬಾರದು ಅನ್ನುವ ಸಂಕೋಚಕ್ಕೆ ಬರೀ ನಾಚಿಕೆ ಅಂತ ಹೆಸರಿಟ್ಟರೆ ಸಾಲದು. ಅದರಲ್ಲಿ ಎಚ್ಚರವೂ ಇದೆ.

ಇನ್ನು ಮನೆಯೊಳಕ್ಕೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದ ಮೇಲೆ ನಮ್ಮ ಭಾಗದ ಹೆಣ್ಣಿನ ತ್ರಿಪದಿಗಳು ಓದುವ ಜನಕ್ಕೆ ಸಿಕ್ಕವು. ಅವುಗಳಲ್ಲಿ ತವರು, ತಾಯಿ, ಅಣ್ಣ ತಮ್ಮ, ಕೂಸು ತುಂಬಿಕೊಂಡಿದ್ದಾರೆ. ಗಂಡನೂ ಇದ್ದಾನೆ, ಆದರೆ ಸಂಕಟ ಹೇಳಿಕೊಳ್ಳುವಾಗ ಮಾತು ತಿರುಗುವುದು ಹೆಚ್ಚಾಗಿ ಹಡೆದವ್ವನ ಕಡೆಗೆ, ಅಣ್ಣನ ಕಡೆಗೆ, ಬೀಸುವ ಕಲ್ಲಿನ ಕಡೆಗೆ. ಬಯಕೆಯ ಹಾಡುಗಳ ಕಟ್ಟೇ ಬೇರೆ. ತಿಂಗಳು ತಿಂಗಳಿಗೆ ಒಂದೊಂದು ಪದಾರ್ಥ, ಅದನ್ನ ತರಲು ರಾಯರು ಪೇಟೆಗೆ ಹೋಗುತ್ತಾರೆ. ಇದು ಮರಾಠಿ ಡೊಹಾಳೆ ಹಾಡಿನಲ್ಲೂ ಹಾಗೇ. ಹಾಡಿನ ಗಂಡ ಬಹಳ ಓಡಾಡುತ್ತಾನೆ, ಕೂತು ಮಾತಾಡುವುದು ಕಡಿಮೆ.

ಹಾಡಿನ ಆಚೆ ಏನಿತ್ತು? ಇದಕ್ಕೆ ನಾನು ನಮ್ಮ ಆಯಿಯನ್ನ, ಅಂದರೆ ಅಜ್ಜಿಯನ್ನ ಕೇಳಿದೆ. ಅರವತ್ತರ ದಶಕದ ಮಾತು. ಹನ್ನೊಂದು ಜನರ ಮನೆ. ಅತ್ತೆ ಮಾವನ ಎದುರು ಗಂಡ ಹೆಂಡಿರು ಮಾತಾಡುವುದು ರೂಢಿಯಲ್ಲ, ಗಂಡನ ಹೆಸರು ಹೇಳುವಂತಿಲ್ಲ. "ಏನ ಬೇಕಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಜಯಸಿಂಗಪುರ ಸಂತಿ ದಿನಾ ಭಡಂಗದ ಪುಡಿಕಿ ಬರತಿತ್ತು" ಅಂದಳು. ಆ ಪೊಟ್ಟಣ ಅಜ್ಜ ಆಕೆಯ ಕೈಗೆ ಕೊಡುತ್ತಿರಲಿಲ್ಲ. ರುಮಾಲಿನಲ್ಲಿ ಸುತ್ತಿ ತಂದು ಅಣ್ಣನ ಸಣ್ಣ ಮಗಳ ಕೈಯಲ್ಲಿಟ್ಟು "ಕಾಕೂಗ ಕೊಡು" ಅನ್ನುತ್ತಿದ್ದನಂತೆ. ಖಾರದ ಚುರುಮುರಿ ಆಕೆಗೆ ಸೇರುತ್ತದೆ ಅಂತ ಅವನಿಗೆ ಹೇಗೆ ಗೊತ್ತಾಯಿತು ಅಂದೆ. "ಯಾರಿಗ್ಗೊತ್ತು, ನೋಡಿರಬೇಕು" ಅಂದಳು. ಅತ್ತೆಗೆ ಗೊತ್ತಿರಲಿಲ್ಲವಾ ಅಂದರೆ ನಕ್ಕಳು. ಅತ್ತೆಗೂ ಗೊತ್ತಿತ್ತಂತೆ, ಗೊತ್ತಿಲ್ಲದ ಹಾಗೆ ಇದ್ದಳಂತೆ.

ಈ ಭಡಂಗವನ್ನ ನೂರೆಂಟು ಕಮಲದ ಪಕ್ಕದಲ್ಲಿಟ್ಟು ನೋಡಬೇಕು ಅಂತ ನನ್ನ ಆಸೆ. ದಿಲೀಪನಿಗೆ ಗೆಳತಿಯರು ಹೇಗೋ, ಅಜ್ಜನಿಗೆ ಆ ಹುಡುಗಿ ಹಾಗೆ. ಪ್ರೀತಿ ಇದೆ, ಅದನ್ನ ಬಚ್ಚಿಡುವ ಕೆಲಸವೂ ಅಷ್ಟೇ ಶಿಸ್ತಿನಿಂದ ನಡೆದಿದೆ. ಹೆಂಡತಿಯ ಹಿಂದೆ ಬಿದ್ದವ ಅಂತ ಅನಿಸಿಕೊಳ್ಳಬಾರದಲ್ಲ. ಆದರೆ ಇನ್ನೊಂದನ್ನೂ ಆಯಿಯೇ ಹೇಳಿದ್ದು. ಎರಡನೇ ಬಸಿರು ನಿಲ್ಲಲಿಲ್ಲ. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ, ಕೊನೆಯವರೆಗೂ. ಭಡಂಗ ಬಚ್ಚಿಟ್ಟು ಕೊಡಬಹುದು. ಹೋದ ಕೂಸಿನ ದುಃಖವನ್ನ ಹುಡುಗಿಯ ಕೈಯಲ್ಲಿ ಕಳಿಸಲು ಬರುವುದಿಲ್ಲ.

ಏಳನೇ ತಿಂಗಳಿಗೆ ಕುಬಸ ಮುಗಿಸಿ ಹೆಣ್ಣು ತವರಿಗೆ. ಮೊದಲ ಹೆರಿಗೆ ಅಲ್ಲೇ ಆಗಬೇಕು. ಶಾಂತಿಸಾಗರರು ಹುಟ್ಟಿದ್ದೂ ತಾಯಿಯ ತವರೂರಿನಲ್ಲೇ. ಆಕೆಗೆ ಅದು ದೊಡ್ಡ ಬಿಡುಗಡೆ: ನೀರು ಹೊರುವುದಿಲ್ಲ, ಬೀಸುವುದಿಲ್ಲ, ಬೇಕಾದಾಗ ಮಲಗಬಹುದು, ಅವ್ವನೆದುರು ಅಳಬಹುದು. ಗಡಿಸೀಮೆಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ತವರಿಗೆ ಹೋಗುವುದೆಂದರೆ ತನ್ನ ಭಾಷೆಗೆ ಹೋಗುವುದು. ಇಷ್ಟು ದಿನ ಮರಾಠಿಯಲ್ಲಿ 'ತ್ರಾಸ ಹೋತೋಯ' ಅಂತಿದ್ದವಳು 'ಜೀವ ಸೋತೈತಿ' ಅನ್ನಬಹುದು. ಅದೇ ಹೊತ್ತಿಗೆ ಗಂಡ ಕತೆಯಿಂದಲೇ ಹೊರಗೆ ಬೀಳುತ್ತಾನೆ. ಹಡೆದ ಸುದ್ದಿ ಆಳಿನ ಮೂಲಕ ಅವನಿಗೆ ಮುಟ್ಟಬೇಕು. ಐದನೇ ದಿನ ಸಟವಿ ಕೂಸಿನ ಹಣೆಬರಹ ಬರೆಯುವಾಗ ಅವನಿಲ್ಲ. ಎಷ್ಟೋ ಮನೆಯಲ್ಲಿ ಅವನು ಕೂಸಿನ ಮುಖ ನೋಡುತ್ತಿದ್ದುದು ತೊಟ್ಟಿಲಿಗೆ ಹಾಕುವ ದಿನ. ಬಸಿರಿನ ಕೊನೆಯ ಮೂರು ತಿಂಗಳು, ಬಾಣಂತನದ ಮೊದಲ ಮೂರೋ ಐದೋ ತಿಂಗಳು, ಹೆಂಗಸಿನ ಮನಸ್ಸು ಅತ್ಯಂತ ಅಲುಗಾಡುವ ಹೊತ್ತು, ಅವನ ಅನುಭವಕ್ಕೇ ಬರುತ್ತಿರಲಿಲ್ಲ. ಕಲಿಯಲು ಅವಕಾಶವೇ ಇಲ್ಲದ ವಿದ್ಯೆ ಅದು.

ನಮ್ಮ ಭಾಷೆಯಲ್ಲಿ 'ಬಾಣಂತಿ ಸನ್ನಿ' ಅನ್ನುವ ಮ���ತಿದೆ. ಹೆರಿಗೆಯ ನಂತರ ಬುದ್ಧಿ ಚೆದುರಿದರೆ, ಕೂಸನ್ನೇ ಒಲ್ಲೆ ಅಂದರೆ ಜನ ಅದನ್ನ ಗುರುತಿಸುತ್ತಿದ್ದರು, ಗಾಳಿ, ಶೀತ, ಸೋಂಕು ಅಂತ ಕಾರಣ ಹುಡುಕುತ್ತಿದ್ದರು. ಜೋರಾದ ಹುಚ್ಚಿಗೆ ಹೆಸರಿತ್ತು, ಸದ್ದಿಲ್ಲದ ಕೊರಗಿಗೆ ಇರಲಿಲ್ಲ. ನಮ್ಮ ನೆರೆಯ ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 270 ತಾಯಂದಿರನ್ನ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೆರಿಗೆಯಾಗಿ ಆರೆಂಟು ವಾರದಲ್ಲಿ ಶೇ. 23 ಮಂದಿಗೆ ಖಿನ್ನತೆ ಇತ್ತು. ಅದರ ಜೊತೆ ಹೊಂದಿಕೊಂಡಿದ್ದ ಸಂಗತಿಗಳು ಬಡತನ, ಗಂಡನ ಜೊತೆಗಿನ ಕೆಟ್ಟ ಸಂಬಂಧ, ಹುಟ್ಟಿದ್ದು ಹೆಣ್ಣು ಅನ್ನುವುದು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಆ ಲೇಖನ ಓದಿದಾಗ ಬೀಸುವ ಪದಗಳ ವಿಷಯಸೂಚಿ ಓದಿದ ಹಾಗಾಯಿತು.

ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ ಏನಾಯಿತು ಅಂತ ಬೇಗ ಹೇಳಿ ಮುಗಿಸುತ್ತೇನೆ. ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿಶನ್ ಆಸ್ಪತ್ರೆ ತೆರೆದರು, ಕೃಷ್ಣೆಯ ಎರಡೂ ದಂಡೆಯ ಕನ್ನಡದವರು ಅಲ್ಲಿಗೆ ಹೋದರು. ಆಸ್ಪತ್ರೆ ಜೀವ ಉಳಿಸಿತು. ಆದರೆ ಹೆರಿಗೆ ಕೋಣೆಯ ಬಾಗಿಲು ಗಂಡನಿಗೆ ಮಾತ್ರವಲ್ಲ, ಅವ್ವನಿಗೂ ಮುಚ್ಚುವ ಪದ್ಧತಿ ಎಲ್ಲೆಡೆ ಬೆಳೆಯಿತು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಸಂಗಾತಿಗೆ ಅವಕಾಶ ಕೊಟ್ಟಿತು. ಹಡೆದು ಅನುಭವವಿರುವ ಹೆಂಗಸು ಜೊತೆಗಿರಬಹುದು. ಮರೆಯ ವ್ಯವಸ್ಥೆ ಇರುವ ಕಡೆ ಗಂಡನೂ ಇರಬಹುದು. ಸಾಲು ಮಂಚದ ಕೋಣೆಯಲ್ಲಿ ಮರೆ ಎಲ್ಲಿಂದ ಬರಬೇಕು? ಅಲ್ಲಿಗೆ ಬಡವರ ಗಂಡ ಮತ್ತೆ ವರಾಂಡದಲ್ಲೇ.

ಹೊತ್ತು ಯಾರಿಗಿದೆ ಅನ್ನುವುದೂ ಪ್ರಶ್ನೆಯೇ. ಕೇಂದ್ರ ಸರಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಇಚಲಕರಂಜಿಯ ಪವರ್‌ಲೂಮಿನಲ್ಲಿ ನೇಯ್ದ ಬಟ್ಟೆಯ ಲೆಕ್ಕಕ್ಕೆ ಕೂಲಿ ಪಡೆಯುವವನಿಗೆ ಮಗ್ಗ ಬಿಟ್ಟ ದಿನ ಕೂಲಿಯಿಲ್ಲ. ಕಬ್ಬು ಕಡಿಯಲು ಬರುವವರ ಕತೆ ಇನ್ನೂ ಕಠಿಣ. ಹಂಗಾಮಿಗೆ ಬರುವ ಗಂಡ ಹೆಂಡತಿ ಜೋಡಿಗೆ 'ಕೊಯ್ತಾ' ಅಂತ ಹೆಸರು, ಅಂದರೆ ಕುಡುಗೋಲು. ಇಬ್ಬರು ಸೇರಿ ಒಂದು ಕುಡುಗೋಲು, ಮುಂಗಡ ಹಣ ಕೊಡುವುದು ಜೋಡಿಯ ಲೆಕ್ಕದಲ್ಲಿ, ಗೈರಾದ ದಿನಕ್ಕೆ 'ಖಾಡಾ' ಅಂತ ದಂಡ. ಬಸುರಿಯನ್ನ ದವಾಖಾನೆಗೆ ಕರೆದುಕೊಂಡು ಹೋದರೆ ಇಬ್ಬರದ್ದೂ ಖಾಡಾ. ಇವರಿಗೆ ಗಂಡನ ಆಸರೆಯ ಮಹತ್ವ ತಿಳಿಹೇಳಲು ಹೋಗುವವರು ಮೊದಲು ಆ ದಂಡದ ಲೆಕ್ಕ ನೋಡಿಕೊಂಡು ಹೋಗಬೇಕು.

ಇತ್ತೀಚಿನ ಡೊಹಾಳೆ ಜೇವಣದಲ್ಲಿ ಗಂಡನನ್ನೂ ಪಕ್ಕದಲ್ಲಿ ಕೂರಿಸುತ್ತಾರೆ. ಜೋಕಾಲಿ, ಹೂವಿನ ಬಿಲ್ಲು ಬಾಣ, ಫೋಟೊ. ಮುಚ್ಚಿದ ಎರಡು ಬಟ್ಟಲಲ್ಲಿ ಪೇಡೆಯೋ ಬರ್ಫಿಯೋ ಅಂತ ಆರಿಸಿ ಗಂಡೋ ಹೆಣ್ಣೋ ಅನ್ನುವ ಆಟ. ನಮ್ಮ ಕೆಲವು ಗೆಳತಿಯರು ಇದನ್ನ ಆಡಂಬರ ಅಂತ ಬೈಯುತ್ತಾರೆ. ನನಗೆ ಹಾಗೆ ಪೂರ್ತಿ ಬೈಯಲು ಮನಸ್ಸಾಗುವುದಿಲ್ಲ. ನಾಲ್ಕು ಜನರೆದುರು ಹೆಂಡತಿಯ ಪಕ್ಕ ಕೂತ ಗಂಡ ನಮ್ಮ ಅಜ್ಜನಿಗೆ ಆಗದಿದ್ದದ್ದನ್ನ ಮಾಡುತ್ತಿದ್ದಾನೆ. ಪೇಡೆ ಬರ್ಫಿಯ ಆಟ ಬೇಡವಾಗಿತ್ತು ಅಷ್ಟೆ.

ಇಷ್ಟಕ್ಕೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.

ಸಂವಾದ

ಪ್ರಶ್ನೆ: ಹಾಗಾದರೆ ತವರಿನ ಬಾಣಂತನ ಬಿಡಬೇಕು ಅಂತ ನಿಮ್ಮ ಅಭಿಪ್ರಾಯವೇ?

ಉತ್ತರ: ಇಲ್ಲ ಮೇಡಂ. ಅತ್ತೆಮನೆಯ ಕೆಲಸದಿಂದ ಹೆಣ್ಣಿಗೆ ಸಿಗುತ್ತಿದ್ದ ಒಂದೇ ದೀರ್ಘ ರಜೆ ಅದು. ಅದನ್ನ ಕಸಿದುಕೊಂಡು ಬದಲಿಗೆ 'ಗಂಡ ನೋಡಿಕೊಳ್ಳುತ್ತಾನೆ' ಅಂದರೆ ಮೋಸವಾಗುತ್ತದೆ. ನಾನು ಹೇಳಿದ್ದು, ಆ ವ್ಯವಸ್ಥೆ ಗಂಡನನ್ನ ಹೊರಗಿಟ್ಟಿತು, ಅವನೂ ಹೊರಗೇ ಹಾಯಾಗಿದ್ದ ಅಂತ. ಗಂಡ ತವರಿಗೆ ಹೋಗಿ ನಾಲ್ಕು ದಿನ ಇರುವುದಕ್ಕೆ ಬೀಗರ ಮನೆಯಲ್ಲಿ ಬಿದ್ದಿರುತ್ತಾನೆ ಅನ್ನುವ ಚಾಳಿಸುವಿಕೆ ಇಲ್ಲದಿದ್ದರೆ ಎರಡೂ ಜೊತೆಗೇ ನಡೆಯಬಹುದು.

ಪ್ರಶ್ನೆ: ಹೆರಿಗೆಯ ಹೊತ್ತಿನಲ್ಲಿ ಗಂಡ ಪಾಲ್ಗೊಳ್ಳುವ ಆಚರಣೆ ದಕ್ಷಿಣ ಭಾರತದಲ್ಲಿ ಎಲ್ಲೂ ಇರಲಿಲ್ಲವೇ?

ಉತ್ತರ: ಇತ್ತು ಸರ್. ಎಡ್ಗರ್ ಥರ್ಸ್ಟನ್ 1909ರ ಸಂಪುಟಗಳಲ್ಲಿ ಕೊರವ, ಯೆರುಕಲ ಸಮುದಾಯಗಳ ಬಗ್ಗೆ ಬರೆದಿದ್ದಾನೆ. ಹೆಂಡತಿಗೆ ನೋವು ಶುರುವಾದೊಡನೆ ಗಂಡ ಆಕೆಯ ಬಟ್ಟೆ ಉಟ್ಟು, ಹಣೆಗೆ ಬೊಟ್ಟಿಟ್ಟುಕೊಂಡು ಕತ್ತಲೆ ಕೋಣೆಯಲ್ಲಿ ಮಲಗುವುದು. ಆ ಕಾಲದ ಅಧಿಕಾರಿಗಳು ಇದನ್ನ ವಿಚಿತ್ರ ಅಂತ ದಾಖಲಿಸಿದರು. ನೋವಿನಲ್ಲಿ ಪಾಲು ಬೇಡುವ ಒಂದು ರೀತಿ ಅಂತಲೂ ಅದನ್ನ ಓದಬಹುದು ಅಂತ ನನಗೆ ಅನಿಸುತ್ತದೆ. 'ಕೆಳಗಿನವರು' ಅಂತ ಬರೆಸಿಕೊಂಡವರಲ್ಲಿ ಅದು ಆಚರಣೆಯಾಗಿತ್ತು, ಮರ್ಯಾದಸ್ಥ ಮನೆಗಳಲ್ಲಿ ಭಡಂಗಕ್ಕೂ ಮರೆ ಬೇಕಿತ್ತು.

ಪ್ರಶ್ನೆ: ಸೀತೆಯ ಕತೆಯನ್ನ ಹೆಣ್ಣುಮಕ್ಕಳ ಹಾಡು ಹೇಗೆ ನೋಡುತ್ತದೆ? ಲಕ್ಷ್ಮೀಶನಿಗಿಂತ ಬೇರೆಯೇ?

ಉತ್ತರ: ಬೇರೆ. ಮಹಾರಾಷ್ಟ್ರದಲ್ಲಿ ಗೀ ಪೊಯತ್ವಾಂ ಮತ್ತು ಹೇಮಾ ರಾಯರ್‌ಕರ್ ಸಂಗಡಿಗರು ಸಂಗ್ರಹಿಸಿದ ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಓವಿಗಳಲ್ಲಿ ಸೀತೆಯ ವನವಾಸದ್ದೇ ಒಂದು ದೊಡ್ಡ ಭಾಗ. ಅಲ್ಲಿ ರಾಜಧರ್ಮದ ಚರ್ಚೆ ಇಲ್ಲ. ಬೀಸುವವರ ಚಿಂತೆ ಬಾಣಂತನದ್ದು: ಕಾಡಿನಲ್ಲಿ ಆಕೆಯ ಹತ್ತಿರ ಯಾರಿದ್ದರು, ಹಾಸಲು ಏನಿತ್ತು, ಕೂಸಿಗೆ ತೊಟ್ಟಿಲು ಎಲ್ಲಿಂದ ಬಂತು. ನಮ್ಮ ಆಯಿಗೂ ಆ ಕತೆ ಹಾಗೇ ಗೊತ್ತು. ರಾಮ ಯಾಕೆ ಬಿಟ್ಟ ಅಂದರೆ ಆಕೆ ಹೆಚ್ಚು ಮಾತಾಡುವುದಿಲ್ಲ. ಸೀತೆಗೆ ಆ ರಾತ್ರಿ ಬಿಸಿನೀರು ಕಾಯಿಸಿ ಕೊಟ್ಟವರು ಯಾರು ಅಂತ ಕೇಳುತ್ತಾಳೆ.